ಗೃಹವಿಚಾರ: ಮನೆಯ ನಾಣ್ಯಗಳಿಗೆ ತಕ್ಕ ಸಂಪುಟ

ಕಳೆದ ಸಂಚಿಕೆಯಲ್ಲಿ ಹಳೆಯ ಕಾಗದಪತ್ರಗಳನ್ನು ಗೆದ್ದಲು ಹುಳುಗಳಿಂದ ಕಾಪಾಡುವ ಬಗೆಯನ್ನು ಕುರಿತು ಬರೆದಿದ್ದೆವಷ್ಟೆ. ಅದನ್ನೋದಿದ ಕೋಲಾರ ಸೀಮೆಯ ವಾಚಕರೊಬ್ಬರು ನಮಗೊಂದು ಪತ್ರವನ್ನು ಬರೆದಿರುತ್ತಾರೆ. ಅವರ ಮನೆಯಲ್ಲಿ ಮೂರು ತಲೆಗಳಿಂದ ಕೂಡಿಬಂದಿರುವ ಒಂದು ಡಬ್ಬಿ ನಾಣ್ಯಗಳಿವೆಯಂತೆ. ಪೇಟೆಯಿಂದ ಒಂದು ಆಲ್ಬಮ್ಮನ್ನು ತರಿಸಿ ನೋಡಿದಾಗ ಚಿಕ್ಕವು ಅದರ ಅರೆಗಳಲ್ಲಿ ಉರುಳಾಡಿದುವು, ದಪ್ಪನೆಯವು ಒಳಕ್ಕೇ ಹೋಗಲಿಲ್ಲ. ಹಬ್ಬದ ದಿನ ಕೆಲವನ್ನು ಹುಣಸೆಹುಳಿಯಲ್ಲಿ ತಿಕ್ಕಿ ಬೆಳಗಿದ್ದೂ ಆಯಿತು. ಯಾವ ನಾಣ್ಯ ಎಲ್ಲಿಂದ ಬಂದಿತೆಂಬುದು ಎಂಬತ್ತು ದಾಟಿದ ಅವರ ತಾಯಿಯವರಿಗೆ ಮಾತ್ರ ಗೊತ್ತಂತೆ. ಇನ್ನು ಮಾಡತಕ್ಕದ್ದೇನು ಎಂಬುದು ಅವರ ಪ್ರಶ್ನೆ. ಇಂಥ ಡಬ್ಬಿ ಅನೇಕರ ಮನೆಗಳಲ್ಲಿ ಇರುವುದರಿಂದ ಈ ತಿಂಗಳು ಅದೇ ವಿಷಯವನ್ನು ಎತ್ತಿಕೊಂಡಿದ್ದೇವೆ.

ಕೋಲಾರ ಸೀಮೆಯ ಮನೆಗಳಲ್ಲಿ ನಾಣ್ಯಗಳು ಬಗೆಬಗೆಯಾಗಿರುವುದು ಆಶ್ಚರ್ಯವೇನೂ ಅಲ್ಲ. ಗಂಗರು ಕುವಲಾಲಪುರವರೇಶ್ವರರೆಂದು ಬಿರುದು ಹೊತ್ತುದು ಈ ಊರಿನಿಂದಲೇ. ಆನೆಯ ಗುರುತುಳ್ಳ ಕೆಲವು ಹಳೆಯ ಹೊನ್ನುಗಳನ್ನು ಆ ವಂಶಕ್ಕೆ ಸೇರಿಸಿ ಹೇಳುವುದು ವಾಡಿಕೆಯಾಗಿದೆ. ಅವರ ತರುವಾಯ ಚೋಳರೂ, ವಿಜಯನಗರದ ಕಾಲದಲ್ಲಿ ಮುಳಬಾಗಿಲಿನ ಅಧಿಕಾರಿಗಳೂ, ಅನಂತರ ಬಿಜಾಪುರದವರಿಂದ ಜಹಗೀರು ಪಡೆದ ಷಹಾಜಿಯೂ ಈ ನೆಲವನ್ನು ಆಳಿದರು. ಹೈದರಾಲಿ ಹುಟ್ಟಿದ್ದು ಬೂದಿಕೋಟೆಯಲ್ಲಿ. ಅವನ ತಂದೆಯ ಗೋರಿ ಕೋಲಾರದಲ್ಲಿದೆ. ಆಳುವವರು ಬದಲಾದಂತೆ ನಾಣ್ಯವೂ ಬದಲಾಯಿತು. ಆದರೆ ಹಳೆಯದು ಕೂಡಲೇ ಮಾಯವಾಗಲಿಲ್ಲ. ಸೊಂಟದ ಗಂಟಿನಲ್ಲಿ, ದೇವರ ಮನೆಯಲ್ಲಿ, ಕಾಸಿನ ಸರದಲ್ಲಿ ಅದು ಉಳಿದುಕೊಂಡಿತು. ಕೋಲಾರಮ್ಮನ ಗುಡಿಯಲ್ಲಿ ನೆಲದೊಳಗಿರುವ ಹುಂಡಿಗೆ ತಲೆತಲಾಂತರದಿಂದ ಜನರು ಕಾಣಿಕೆ ಹಾಕುತ್ತ ಬಂದಿರುವರೆಂದೂ, ಅದನ್ನು ಇದುವರೆಗೆ ಯಾರೂ ತೆರೆದಿಲ್ಲವೆಂದೂ ಒಂದು ಹೇಳಿಕೆಯುಂಟು. ಮನೆಯ ಡಬ್ಬಿಯೂ ಅಂಥದೇ ಒಂದು ಹುಂಡಿ. ಆದರೆ ಇದನ್ನು ತೆರೆಯಲು ನಮಗೆ ಅಡ್ಡಿಯಿಲ್ಲ, ತೆರೆದು ಕ್ರಮವಾಗಿ ಇಡುವುದು ನಮ್ಮ ಕರ್ತವ್ಯವೂ ಹೌದು.

ಈಗ ಅಳತೆಗಳನ್ನು ನೋಡಿರಿ. ನಮ್ಮ ದೇಶದ ಚಿನ್ನದ ಹಣವು ಅರ್ಧ ಗ್ರಾಮಿಗೂ ಕಡಮೆ ತೂಗುತ್ತದೆ. ಉಸಿರು ಜೋರಾಗಿ ಬಿಟ್ಟರೆ ಹಾರಿಹೋಗುವಷ್ಟು ಹಗುರ. ವರಹವು ಸುಮಾರು ೩.೪ ಗ್ರಾಂ ತೂಗುವ ಪುಟ್ಟ ಗಟ್ಟಿ ಬಿಲ್ಲೆ. ಟಿಪ್ಪುವಿನ ಆನೆಯ ಗುರುತಿನ ತಾಮ್ರದ ದೊಡ್ಡ ದುಡ್ಡು ೨೦ ಗ್ರಾಮಿಗೂ ಮೀರಿದ್ದು, ಅದರ ಅಂಚು ಪೂರ್ಣ ವೃತ್ತವೂ ಅಲ್ಲ. ವಿಕ್ಟೋರಿಯಾ ರಾಣಿಯ ಬೆಳ್ಳಿಯ ರೂಪಾಯಿ ೧೧.೬೬ ಗ್ರಾಂ, ಅಡ್ಡಳತೆ ಮೂವತ್ತು ಮಿಲಿಮೀಟರನ್ನು ಸ್ವಲ್ಪ ದಾಟುತ್ತದೆ. ೧೯೦೭ರಿಂದ ಬಂದ ಒಂದಾಣೆಯ ಅಂಚು ಹೂವಿನ ದಳದಂತೆ ಅಲೆಯಾಗಿದೆ; ೧೯೧೮ರಿಂದ ಬಂದ ನಿಕ್ಕಲಿನ ಎರಡಾಣೆ ಚೌಕ; ೧೯೧೯ರ ನಾಲ್ಕಾಣೆ ಎಂಟು ಮೂಲೆಯದು. ಯುದ್ಧದ ಕಾಲದಲ್ಲಿ, ೧೯೪೩ರಿಂದ, ಲೋಹವನ್ನು ಉಳಿಸಲೆಂದು ನಡುವೆ ತೂತು ಬಿಟ್ಟು ಹೊಡೆದ ಕಾಸನ್ನು ಹಿರಿಯರು ಇನ್ನೂ ಮರೆತಿರಲಾರರು. ೧೯೫೭ರ ಏಪ್ರಿಲ್ ೧ರಂದು ದಶಮಾಂಶ ಪದ್ಧತಿ ಬಂದ ಮೇಲೆ ನಯಾಪೈಸೆಯೂ, ಅದರ ಹಿಂದೆಯೇ ೧೯೬೦ರ ದಶಕದಲ್ಲಿ ಆರು ಮೂಲೆಯ ಮೂರು ಪೈಸೆ ಮೊದಲಾದ ಅಲ್ಯುಮಿನಿಯಂ ನಾಣ್ಯಗಳೂ ಸೇರಿದುವು. ಪೇಟೆಯ ಆಲ್ಬಮ್ಮನ್ನು ಸಾಮಾನ್ಯವಾಗಿ ಒಂದೇ ಅಳತೆಯ ಅರೆಗಳಿಂದ ಮಾಡಿರುತ್ತಾರೆ. ಇಷ್ಟು ಬಗೆಯ ಕಾಲು ಒಂದೇ ಜೋಡಿನಲ್ಲಿ ಹೇಗೆ ಹಿಡಿದೀತು? ಆದುದರಿಂದ ನಾಣ್ಯಕ್ಕೆ ತಕ್ಕ ಅರೆಯನ್ನು ನಾವೇ ಕತ್ತರಿಸಿಕೊಳ್ಳಬೇಕು.

ಕತ್ತರಿ ಹಿಡಿಯುವ ಮೊದಲು ಒಂದು ಮಾತನ್ನು ಬಹಳ ಬಲವಾಗಿ ಹೇಳಬೇಕಾಗಿದೆ. ದಯವಿಟ್ಟು ನಾಣ್ಯಗಳನ್ನು ಬೆಳಗಬೇಡಿರಿ. ತಾಮ್ರದ ಚೊಂಬನ್ನು ಹುಣಸೆಹುಳಿಯಲ್ಲಿಯೂ, ಬೆಳ್ಳಿಯ ತಟ್ಟೆಯನ್ನು ವಿಭೂತಿಯಲ್ಲಿಯೂ ತಿಕ್ಕುವುದು ನಮ್ಮ ಗೃಹಿಣಿಯರ ಕೈಗೆ ಬಂದ ಪದ್ಧತಿ. ಪಾತ್ರೆಗೆ ಅದು ಒಳ್ಳೆಯದೇ. ನಾಣ್ಯದ ಸಂಗತಿ ಬೇರೆ. ಪಾತ್ರೆಯ ಬೆಲೆ ಅದರ ಹೊಳಪಿನಲ್ಲಿದ್ದರೆ ನಾಣ್ಯದ ಬೆಲೆ ಅದರ ಅಕ್ಷರಗಳಲ್ಲಿದೆ. ಹುಳಿಯು ಕಿಲುಬನ್ನು ಮಾತ್ರ ತಿನ್ನದೆ ತಾಮ್ರದ ಮೇಲ್ಪದರವನ್ನೂ ತಿನ್ನುತ್ತದೆ. ಬೂದಿಯ ಕಣಗಳು ಬೆಳ್ಳಿಯ ಮೇಲೆ ಸೂಕ್ಷ್ಮವಾದ ಗೀರುಗಳನ್ನು ಎಳೆಯುತ್ತವೆ. ಹತ್ತು ಹಬ್ಬಗಳಲ್ಲಿ ಹೀಗೆ ಬೆಳಗಿದರೆ ಆನೆಯ ಸೊಂಡಿಲು ಸವೆದು, ಇಸವಿಯ ಅಂಕೆ ಅಳಿಸಿ, ಉಳಿಯುವುದು ಒಂದು ಕೆಂಪನೆಯ ಬಿಲ್ಲೆ ಮಾತ್ರ. ತಾಮ್ರದ ಮೇಲೆ ಕಾಲಕ್ರಮದಲ್ಲಿ ಏರುವ ನಯವಾದ ಕಂದು ಅಥವಾ ಕಪ್ಪು ಬಣ್ಣವು ಕೊಳೆಯಲ್ಲ. ಅದು ಒಳಗಿನ ಲೋಹಕ್ಕೆ ಹೊದಿಕೆ. ಆದರೆ ತಿಳಿ ಹಸುರಾಗಿ ಪುಡಿಪುಡಿಯಾಗಿ ಉದುರುವ ಕಲೆ ಕಂಡುಬಂದಲ್ಲಿ ಅದು ರೋಗವೆಂದೇ ತಿಳಿದು, ಅಂಥ ನಾಣ್ಯವನ್ನು ಉಳಿದವುಗಳಿಂದ ಬೇರ್ಪಡಿಸಿ ಒಣಗಿದ ಜಾಗದಲ್ಲಿಟ್ಟು, ಬಲ್ಲವರಿಗೆ ತೋರಿಸತಕ್ಕದ್ದು. ವರಮಹಾಲಕ್ಷ್ಮಿಯ ಪೂಜೆಗೆ ನಾಣ್ಯವನ್ನಿಡುವ ಮನೆಗಳಲ್ಲಿ ಅರಿಸಿನ ಕುಂಕುಮಗಳನ್ನು ನಾಣ್ಯದ ಮೇಲೆಯೇ ಹಚ್ಚುವ ಬದಲು ಕೆಳಗಿನ ತಟ್ಟೆಗೆ ಹಚ್ಚಿದರೆ ಪೂಜೆಗೂ ಕೊರತೆಯಿಲ್ಲ, ನಾಣ್ಯಕ್ಕೂ ಕಲೆಯಿಲ್ಲ. ಪತ್ರ ಬರೆದವರು ಈಗಾಗಲೇ ಬೆಳಗಿದ ನಾಣ್ಯಗಳಿಗಾಗಿ ಮರುಗಬೇಕಾಗಿಲ್ಲ. ಇನ್ನು ಮೇಲೆ ಮುಟ್ಟದಿದ್ದರೆ ಅವುಗಳಿಗೂ ಮೆಲ್ಲಗೆ ಬಣ್ಣ ಬರುವುದು.

ಎರಡನೆಯದಾಗಿ, ನಾಣ್ಯದ ಶತ್ರುಗಳು ಹೊರಗಿಗಿಂತ ಡಬ್ಬಿಯ ಒಳಗೇ ಹೆಚ್ಚಾಗಿರುವುವು. ಪೇಟೆಯ ಅಗ್ಗದ ಆಲ್ಬಮ್ಮುಗಳ ಮೆತ್ತನೆಯ ಹಾಳೆಗಳಲ್ಲಿ ಅನೇಕವು ಪಿ.ವಿ.ಸಿ. ಎಂಬ ಪದಾರ್ಥದವು. ಹೊಸ ಮಳೆಯಂಗಿಯ ವಾಸನೆ ಬಂದರೆ ಅದೇ ಇರಬೇಕೆಂದು ಶಂಕಿಸಬಹುದು. ಕೆಲವು ವರ್ಷಗಳಲ್ಲಿ ಅದರಿಂದ ಒಸರುವ ಅಂಟು ಮತ್ತು ಆಮ್ಲ ಸೇರಿ ನಾಣ್ಯದ ಮೇಲೆ ಹಸುರು ಜಿಗಟನ್ನು ಮೂಡಿಸುತ್ತವೆ. ಕೊಳ್ಳುವಾಗ ಪಾಲಿಯೆಸ್ಟರ್ ಅಥವಾ ಪಾಲಿಪ್ರೊಪಿಲೀನ್ ಎಂದು ಕೇಳಿ ಕೊಳ್ಳತಕ್ಕದ್ದು. ವೃತ್ತಪತ್ರಿಕೆಯ ಕಾಗದವೂ ಹುಲ್ಲಿನ ರಟ್ಟೂ ಆಮ್ಲವುಳ್ಳವು. ರಬ್ಬರಿನ ಬಳೆಯಲ್ಲಿ ಗಂಧಕವಿರುವುದರಿಂದ ಬೆಳ್ಳಿ ಕಪ್ಪಾಗುತ್ತದೆ. ಶ್ರೀನಿವಾಸಪುರದ ಮಾವಿನ ಸುಗ್ಗಿಯಲ್ಲಿ ಮನೆಗೆ ಬರುವ ಮರದ ಪೆಟ್ಟಿಗೆಗಳನ್ನು ಪೊಗರಾಗಿ ಕೂಡಿಸಿ ನಾಣ್ಯದ ಅರೆಗಳಾಗಿ ಮಾಡಬಹುದೆಂದು ಕೆಲವರಿಗೆ ತೋರಬಹುದು. ಹಸಿಮರದಿಂದ ಹೊರಡುವ ಆವಿಯು ಲೋಹಕ್ಕೆ ಆಗದಾದುದರಿಂದ ಅದು ಬೇಡ. ಕರ್ಪೂರ, ನುಸಿಗುಳಿಗೆಗಳೂ ಬೇಡ; ಅವುಗಳ ಆವಿ ಕೆಲವು ಪ್ಲಾಸ್ಟಿಕ್ಕುಗಳನ್ನು ಮೆತ್ತಗಾಗಿಸುವುದು.

ಇನ್ನು ಸಂಪುಟವನ್ನು ಕಟ್ಟುವ ಕ್ರಮ. ಬೇಕಾಗುವ ಸಾಮಗ್ರಿಗಳು ಇಷ್ಟೇ: ಚಿತ್ರಕ್ಕೆ ಕಟ್ಟು ಹಾಕುವವರಲ್ಲಿ ದೊರೆಯುವ ಆಮ್ಲವಿಲ್ಲದ ದಪ್ಪ ರಟ್ಟು, ತೆಳುವಾದ ಪಾರದರ್ಶಕ ಪಾಲಿಯೆಸ್ಟರ್ ಹಾಳೆ, ಬಿಳಿಯ ಹತ್ತಿ ನೂಲು, ಸೂಜಿ, ಚೂಪಾದ ಚಾಕು, ಕೈವಾರ, ಅಳತೆಪಟ್ಟಿ.

ಮೊದಲು ಪ್ರತಿಯೊಂದು ನಾಣ್ಯವನ್ನೂ ಅಳೆಯಿರಿ. ಮೇಜಿನ ಮೇಲೆ ದಪ್ಪನೆಯ ಟವಲನ್ನು ಹಾಸಿ, ಕೈ ತೊಳೆದು ಒರೆಸಿಕೊಂಡು, ನಾಣ್ಯವನ್ನು ಅಂಚಿನಲ್ಲಿಯೇ ಹಿಡಿಯಬೇಕು. ಮುಖವನ್ನು ಮುಟ್ಟಿದರೆ ಬೆರಳಿನ ಬೆವರು ಗುರುತು ಬಿಡುವುದು. ಅಡ್ಡಳತೆಯನ್ನೂ ದಪ್ಪವನ್ನೂ ಬರೆದುಕೊಳ್ಳಿರಿ. ಟಿಪ್ಪುವಿನ ತಾಮ್ರದಂತೆ ಅಂಚು ಓರೆಯಾಗಿದ್ದರೆ, ನಾಣ್ಯದ ಸುತ್ತ ಸೀಸದಕಡ್ಡಿಯನ್ನು ಎಳೆಯಬಾರದು. ಪಾರದರ್ಶಕ ಹಾಳೆಯೊಂದನ್ನು ಮೇಲೆ ಹೊದಿಸಿ ಅದರ ಮೇಲೆ ಆಕಾರವನ್ನು ಬರೆದುಕೊಳ್ಳಬೇಕು.

ರಟ್ಟನ್ನು ಪುಟದ ಅಳತೆಗೆ ಕತ್ತರಿಸಿ, ಅದರಲ್ಲಿ ಮೂರು ಸಾಲಾಗಿ ಸಾಲಿಗೆ ನಾಲ್ಕರಂತೆ ಹನ್ನೆರಡು ಕಿಂಡಿಗಳನ್ನು ಕೊರೆಯಿರಿ. ಪ್ರತಿಯೊಂದು ಕಿಂಡಿಯೂ ಅದರ ನಾಣ್ಯಕ್ಕಿಂತ ಒಂದು ಮಿಲಿಮೀಟರಿನಷ್ಟು ಮಾತ್ರ ಅಗಲವಾಗಿರಬೇಕು. ಅದಕ್ಕಿಂತ ಬಿಗಿಯಾದರೆ ತೆಗೆಯುವಾಗ ಉಗುರು ತಾಗುವುದು. ಸಡಿಲವಾದರೆ ಪುಟ ತಿರುಗಿಸಿದಾಗಲೆಲ್ಲ ನಾಣ್ಯ ಅಲುಗಾಡಿ ಅದರ ಎತ್ತರದ ಭಾಗಗಳು ಸವೆಯುವುವು. ಎರಡಾಣೆಗೆ ಚೌಕದ ಕಿಂಡಿ, ಮೂರು ಪೈಸೆಗೆ ಆರು ಮೂಲೆಯ ಕಿಂಡಿ, ಹೀಗೆ ಆಯಾ ಆಕಾರವನ್ನೇ ಕೊರೆಯಬೇಕು. ರಟ್ಟಿನ ದಪ್ಪವು ನಾಣ್ಯದ ದಪ್ಪಕ್ಕಿಂತ ಕೂದಲೆಳೆಯಷ್ಟು ಹೆಚ್ಚಾಗಿರತಕ್ಕದ್ದು. ದೊಡ್ಡ ದುಡ್ಡುಗಳ ಪುಟಕ್ಕೆ ಎರಡು ರಟ್ಟುಗಳನ್ನು ಜೋಡಿಸಿಕೊಳ್ಳಬಹುದು. ಆದುದರಿಂದ ಒಂದು ಪುಟದಲ್ಲಿ ಒಂದೇ ದಪ್ಪದವುಗಳನ್ನು ಸೇರಿಸುವುದು ಅನುಕೂಲ. ಕಿಂಡಿಯ ಅಂಚನ್ನು ಚಮಚದ ಹಿಡಿಯಿಂದ ತೀಡಿ ನಯ ಮಾಡಿ, ರಟ್ಟಿನ ಪುಡಿಯನ್ನು ಕುಂಚದಿಂದ ತೆಗೆದುಬಿಡಿರಿ.

ಅನಂತರ ಪಾಲಿಯೆಸ್ಟರ್ ಹಾಳೆಯೊಂದನ್ನು ರಟ್ಟಿನ ಬೆನ್ನಿಗೆ ನಾಲ್ಕು ಕಡೆಯೂ ಹೊಲಿಯಬೇಕು. ಮುಂದಿನ ಹಾಳೆಯನ್ನು ಮೂರು ಕಡೆ ಹೊಲಿಯದೆ ಮೇಲಂಚಿನಲ್ಲಿ ಮಾತ್ರ ಹೊಲಿದು, ಕೆಳಗೆ ಎರಡಂಗುಲ ಉದ್ದ ಬಿಟ್ಟು, ಅದನ್ನು ಹಿಂದಕ್ಕೆ ಮಡಿಸಿ ರಟ್ಟಿನ ಪಟ್ಟಿಯೊಳಗೆ ಸಿಕ್ಕಿಸಬೇಕು. ಹೀಗೆ ಮಾಡಿದರೆ ನಾಣ್ಯದ ಎರಡು ಮುಖಗಳೂ ಕಾಣುವುವು, ಬೇಕಾದಾಗ ತೆಗೆಯಲೂ ಬರುವುದು. ಅಂಟಿನ ಕೆಲಸವೇ ಇಲ್ಲ. ನಮ್ಮ ಪುಸ್ತಕ ಕಟ್ಟುವವರು ಹುಳು ಬಾರದಿರಲೆಂದು ಮೈದಾ ಅಂಟಿಗೆ ಮೈಲುತುತ್ತವನ್ನು ಬೆರೆಸುವುದುಂಟು. ಪುಸ್ತಕಕ್ಕೆ ಅದು ಸರಿಯಾಗಿರಬಹುದು. ಆದರೆ ತೇವ ತಾಗಿದಾಗ ಆ ಲವಣವು ಅಲ್ಯುಮಿನಿಯಂ ಮೊದಲಾದ ಲೋಹಗಳನ್ನು ತಿನ್ನುವುದು. ಮಗ್ಗುಲಲ್ಲಿ ನಾಣ್ಯವಿರುವ ಪುಟಕ್ಕೆ ಸೂಜಿ ದಾರವೇ ಮೇಲು.

ಪುಟಗಳನ್ನು ಒಟ್ಟುಗೂಡಿಸಲು ತಿರುಪಿನ ಕಂಬಗಳನ್ನು ಬಳಸಿದರೆ ಮುಂದೆ ಪುಟ ಸೇರಿಸಲು ಅವಕಾಶವಾಗುತ್ತದೆ. ತೂಕವನ್ನು ಮಾತ್ರ ಮರೆಯಬಾರದು. ಹನ್ನೆರಡು ಬೆಳ್ಳಿಯ ರೂಪಾಯಿಗಳು ಸುಮಾರು ೧೪೦ ಗ್ರಾಂ ಆಗುತ್ತವೆ. ಅಂಥ ಹತ್ತು ಪುಟಗಳಾದರೆ ರಟ್ಟನ್ನು ಬಿಟ್ಟೇ ೧.೪ ಕಿಲೋಗ್ರಾಂ. ಒಂದೇ ಸಂಪುಟವನ್ನು ಉಬ್ಬಿಸುವುದಕ್ಕಿಂತ ಎಂಟು ಪುಟಗಳ ಎರಡು ಸಂಪುಟಗಳು ಲೇಸು. ಅರ್ಧ ಗ್ರಾಮಿನ ಚಿನ್ನದ ಹಣವನ್ನು ಮಾತ್ರ ಪುಟದ ಕಿಂಡಿಯಲ್ಲಿಡದೆ, ಗಟ್ಟಿ ಪ್ಲಾಸ್ಟಿಕ್ಕಿನ ಪುಟ್ಟ ಕರಡಿಗೆಯಲ್ಲಿಟ್ಟು, ಆ ಕರಡಿಗೆಯ ಅಳತೆಗೆ ಕಿಂಡಿ ಕೊರೆಯಬೇಕು. ತಾಮ್ರವನ್ನೂ ಅಲ್ಯುಮಿನಿಯಮ್ಮನ್ನೂ ಒಂದಕ್ಕೊಂದು ತಗಲುವಂತೆ ಎಂದಿಗೂ ಇಡಕೂಡದು. ಇಷ್ಟು ಕೈಗೆಲಸಕ್ಕೆ ಬಿಡುವಿಲ್ಲದವರು ನಡುವೆ ಪಾರದರ್ಶಕ ಕಿಂಡಿಯುಳ್ಳ ಎರಡಂಗುಲ ಚೌಕದ ರಟ್ಟುಗಳನ್ನು ಬೇರೆ ಬೇರೆ ಅಳತೆಯವಾಗಿ ಕೊಂಡು, ಅವುಗಳಿಗೆ ತಕ್ಕ ಅರೆಹಾಳೆಗಳಲ್ಲಿ ಸೇರಿಸಬಹುದು. ತಂತಿಯ ಪಿನ್ನುಗಳ ತುದಿಗಳನ್ನು ಇಕ್ಕಳದಿಂದ ಒತ್ತಿ ಚಪ್ಪಟೆ ಮಾಡದಿದ್ದರೆ ಅವು ನೆರೆಯ ನಾಣ್ಯವನ್ನು ಗೀಚುವುವು.

ನಾಣ್ಯಗಳನ್ನು ಯಾವ ಕ್ರಮದಲ್ಲಿ ಇಡಬೇಕು? ಪಂಡಿತರು ರಾಜವಂಶ, ಟಂಕಸಾಲೆ, ಇಸವಿಗಳಂತೆ ಇಡುವರು. ಮನೆಯ ಸಂಪುಟಕ್ಕೂ ಅದನ್ನು ಸ್ಥೂಲವಾಗಿ ಅನುಸರಿಸಬಹುದು. ಹೈದರನ ವರಹದ ಒಂದು ಮುಖದಲ್ಲಿ ಶಿವಪಾರ್ವತಿಯರಿದ್ದು ಇನ್ನೊಂದರಲ್ಲಿ ಅವನ ಹೆಸರಿನ ಮೊದಲಕ್ಷರವು ಪಾರಸಿಯಲ್ಲಿರುತ್ತದೆ. ಟಿಪ್ಪುವಿನ ದುಡ್ಡುಗಳಲ್ಲಿ ಒಂದು ಕಡೆ ಆನೆ, ಇನ್ನೊಂದು ಕಡೆ ಟಂಕಸಾಲೆಯ ಹೆಸರು. ಪಟ್ಟಣ, ನಗರ, ಬೆಂಗಳೂರುಗಳಲ್ಲದೆ ಕೋಲಾರಕ್ಕೆ ದೂರವಲ್ಲದ ಗುರ್ರಂಕೊಂಡದಲ್ಲಿಯೂ ಅವನ ತಾಮ್ರ ಅಚ್ಚಾಗುತ್ತಿತ್ತು. ಅವನ ಮೌಲೂದಿ ಶಕೆಯ ಅಂಕೆಗಳನ್ನು ಬಲದಿಂದ ಎಡಕ್ಕೆ ಓದಬೇಕು. ಇದನ್ನು ತಿಳಿಯದೆ ಅನೇಕರು ಇಸವಿ ಕಾಣದೆ ತೊಳಲುವರು. ಮುಮ್ಮಡಿ ಕೃಷ್ಣರಾಜ ಒಡೆಯರ ಕಾಸುಗಳಲ್ಲಿ ಕನ್ನಡದ ಅಕ್ಷರಗಳನ್ನು ಕಣ್ಣಾರೆ ಕಾಣಬಹುದು. ೧೮೪೩ರಲ್ಲಿ ಮೈಸೂರು ಸೀಮೆಯ ಟಂಕಸಾಲೆಯ ಕೆಲಸ ನಿಂತಿತು. ಅಲ್ಲಿಂದ ಮುಂದಿನ ಪುಟಗಳು ಇಂಗ್ಲಿಷರವು, ಆಮೇಲಿನವು ನಮ್ಮ ಗಣರಾಜ್ಯದವು. ಮಕ್ಕಳ ಹುಂಡಿಯಲ್ಲಿ ಬಿದ್ದಿರುವ ಇಪ್ಪತ್ತೈದು ಪೈಸೆಗೂ ಒಂದು ಕಿಂಡಿ ಬಿಡಿರಿ. ಅದೂ ಅದಕ್ಕಿಂತ ಚಿಕ್ಕವೂ ೨೦೧೧ರ ಜೂನ್ ೩೦ರ ತರುವಾಯ ಚಲಾವಣೆಯಿಂದ ಹೋದುವು.

ಈಗ ಮುಖ್ಯವಾದ ಮಾತಿಗೆ ಬರುತ್ತೇವೆ. ರಾಜನ ಹೆಸರನ್ನೂ ಇಸವಿಯನ್ನೂ ಪುಸ್ತಕ ನೋಡಿ ಇಂದಲ್ಲದಿದ್ದರೆ ನಾಳೆ ತಿಳಿಯಬಹುದು. ಹೈದರ್ ಟಿಪ್ಪುಗಳ ನಾಣ್ಯಗಳನ್ನು ಕುರಿತು ಹೆಂಡರ್ಸನ್ ಎಂಬವರು ೧೯೨೧ರಲ್ಲಿಯೇ ಗ್ರಂಥ ಬರೆದಿದ್ದಾರೆ. ಕರ್ನಾಟಕದ ನಾಣ್ಯಗಳನ್ನು ಕುರಿತು ಎ. ವಿ. ನರಸಿಂಹಮೂರ್ತಿಯವರ ಗ್ರಂಥವಿದೆ. ಆದರೆ ಈ ರೂಪಾಯಿಯು ಅಜ್ಜನ ಮೊದಲ ಸಂಬಳದ್ದು, ಈ ದುಡ್ಡು ಅಜ್ಜಿಯ ತವರಿನಿಂದ ಸೀರೆಯ ಸೆರಗಿನಲ್ಲಿ ಬಂದದ್ದು, ಈ ತೂತಿನ ಕಾಸು ತೊಟ್ಟಿಲ ಮಗುವಿನ ಉಡಿದಾರದಲ್ಲಿತ್ತು ಎಂಬುದನ್ನು ಯಾವ ಗ್ರಂಥವೂ ಹೇಳದು. ಅದು ಒಬ್ಬರ ನೆನಪಿನಲ್ಲಿ ಮಾತ್ರ ಇದೆ; ಆ ನೆನಪು ಹೋದರೆ ಅದನ್ನು ಮತ್ತೆ ಕೊಳ್ಳಲು ಕೋಲಾರದ ಗಣಿಗಳಿಂದ ತೆಗೆದ ಚಿನ್ನವೆಲ್ಲ ಕೂಡಿದರೂ ಸಾಲದು. ಆ ಗಣಿಗಳ ಕೆಲಸವು ೨೦೦೧ರ ಫೆಬ್ರವರಿ ೨೮ರಂದು ನಿಂತಿತು. ಗಣಿಯನ್ನೇ ನಂಬಿದ್ದ ಎಷ್ಟೋ ಸಂಸಾರಗಳು ಕೆಲಸವನ್ನರಸಿ ಬೇರೆ ಊರುಗಳಿಗೆ ಹೊರಟುವು. ಮನೆ ಬಿಡುವಾಗ ಡಬ್ಬಿ ಜೊತೆಗೆ ಬಂದೀತು. ಅದರ ಕಥೆಯೂ ಬರಬೇಕಾದರೆ ಯಾರಾದರೂ ಬರೆದಿಟ್ಟಿರಬೇಕು.

ಆದುದರಿಂದ ಪ್ರತಿಯೊಂದು ಕಿಂಡಿಯ ಕೆಳಗೂ ಒಂದು ಚೀಟಿಯ ಜಾಗವಿರಲಿ. ಅದರ ಮೇಲೆ ಸೀಸದಕಡ್ಡಿಯಿಂದ ನಾಣ್ಯದ ಹೆಸರು, ಇಸವಿ, ತೂಕ, ಅಳತೆ, ಅದು ಯಾರಿಂದ ಯಾವಾಗ ಎಲ್ಲಿಂದ ಬಂದಿತು, ಇದನ್ನು ಹೇಳಿದವರು ಯಾರು, ಬರೆದ ದಿನವಾವುದು ಎಂಬುದಿಷ್ಟನ್ನು ಬರೆಯಿರಿ. ಖಚಿತವಾಗಿ ತಿಳಿಯದ್ದನ್ನು ಖಾಲಿ ಬಿಡಿರಿ. ಊಹೆಯನ್ನು ನಿಜವೆಂದು ಬರೆದರೆ ಮೊಮ್ಮಕ್ಕಳು ಅದನ್ನೇ ನಂಬುವರು. ಪತ್ರ ಬರೆದ ಮಹಾಶಯರಿಗೆ ನಮ್ಮ ಬಿನ್ನಹವೇನೆಂದರೆ, ರಟ್ಟು ಕೊಳ್ಳಲು ಮುಂದಿನ ವಾರ ಹೋದರೂ ಆದೀತು. ಚೀಟಿಗಳನ್ನು ಈ ಸಂಜೆಯೇ ತೆಗೆದುಕೊಂಡು ತಾಯಿಯವರ ಬಳಿ ಕುಳಿತುಕೊಳ್ಳಿರಿ. ಡಬ್ಬಿಯನ್ನು ಅವರ ಮುಂದೆ ಒಮ್ಮೆಗೇ ಸುರಿಯದೆ ಒಂದೊಂದನ್ನೇ ಅವರ ಅಂಗೈಯಲ್ಲಿಡಿರಿ. ಅವರು ನಾಣ್ಯದ ಮಾತು ಬಿಟ್ಟು ಊರಿನ ಮಾತನ್ನೋ ಮದುವೆಯ ಮಾತನ್ನೋ ಆಡಿದರೆ ತಡೆಯಬೇಡಿರಿ, ಅದನ್ನೂ ಬರೆದುಕೊಳ್ಳಿರಿ. ಅಣ್ಣತಮ್ಮಂದಿರು ಪಾಲಾಗುವಾಗ ನಾಣ್ಯಗಳು ಹಂಚಿಹೋಗುವುದು ಲೋಕರೂಢಿ. ಹಾಗಾದಾಗ ಚೀಟಿಗಳೆಲ್ಲದರ ನಕಲನ್ನೂ ನಾಣ್ಯಗಳ ಫೋಟೋಗಳನ್ನೂ ಪ್ರತಿಯೊಂದು ಪಾಲಿನವರಿಗೂ ಕೊಟ್ಟರೆ ಬೆಳ್ಳಿ ಪಾಲಾದರೂ ಕಥೆ ಪಾಲಾಗದು.

ಎರಡು ಎಚ್ಚರಿಕೆಗಳು ಉಳಿದಿವೆ. ಕಾಸಿನ ಸರದಿಂದ ಬಂದ ನಾಣ್ಯಕ್ಕೆ ಬೆಸುಗೆ ಹಾಕಿದ ಕೊಂಡಿ ಇದ್ದರೆ ಅದನ್ನು ಕತ್ತರಿಸಬೇಡಿರಿ. ಕೊಂಡಿಗೂ ಸೇರಿ ಕಿಂಡಿ ಕೊರೆಯಿರಿ, ಅದು ಒಬ್ಬ ಹೆಣ್ಣುಮಗಳ ಕೊರಳಲ್ಲಿ ಇದ್ದುದಕ್ಕೆ ಸಾಕ್ಷಿ. ಹೊಲ ಉಳುವಾಗಲೋ ಪಾಯ ತೋಡುವಾಗಲೋ ನೆಲದಲ್ಲಿ ನಾಣ್ಯದ ಗಡಿಗೆ ಸಿಕ್ಕಿದರೆ ಅದು ಸಂಪುಟಕ್ಕೆ ಸೇರತಕ್ಕದ್ದಲ್ಲ; ನಿಧಿಗಳ ಕಾಯಿದೆಯಂತೆ ಅದನ್ನು ಸರ್ಕಾರದ ಅಧಿಕಾರಿಗಳಿಗೆ ತಿಳಿಸಬೇಕು. ಸಿಕ್ಕಿದ ಜಾಗದಿಂದ ಗುಟ್ಟಾಗಿ ಚದರಿಹೋದ ನಿಧಿಯು ಕಥೆಯಿಲ್ಲದ ನಾಣ್ಯಗಳ ರಾಶಿಯಾಗುವುದು. ಇದ್ದಲ್ಲಿಯೇ ಪರೀಕ್ಷಿಸಲ್ಪಟ್ಟರೆ ನಾಡಿನ ಚರಿತ್ರೆಗೆ ಒಂದು ಪುಟವಾಗುವುದು.

ಸಂಪುಟವು ಸಿದ್ಧವಾದ ಮೇಲೆ ಅದನ್ನು ಹೊರಗೋಡೆಗೆ ತಗಲದಂತೆ ಉಕ್ಕಿನ ಬೀರುವಿನಲ್ಲಿಟ್ಟು, ತೇವವನ್ನು ಹೀರುವ ಸಿಲಿಕಾ ಹರಳುಗಳ ಸಣ್ಣ ಚೀಲವನ್ನು ಬಳಿಯಲ್ಲಿಡಿರಿ. ಕರಾವಳಿಯವರಿಗೆ ಹೋಲಿಸಿದರೆ ಕೋಲಾರದವರು ಅದೃಷ್ಟವಂತರು. ಕೆರೆಗಳಿಗೆ ಸಾಲದ ಈ ಒಣಹವೆಯು ತಾಮ್ರಕ್ಕೆ ಹಿತಕರ. ಆದರೂ ಇಲ್ಲಿ ಮಳೆ ಜೋರಾಗುವುದು ಸೆಪ್ಟೆಂಬರ್ ಅಕ್ಟೋಬರುಗಳಲ್ಲಿ. ಆ ಮಳೆ ಹಿಂದೆಗೆದ ಮೇಲೆ, ದೀಪಾವಳಿಯ ಸುಮಾರಿಗೆ, ವರ್ಷಕ್ಕೊಮ್ಮೆ ಪುಟಗಳನ್ನು ತೆರೆದು ನೋಡುವುದು ಒಳ್ಳೆಯದು. ಆಗ ಮಕ್ಕಳನ್ನು ಹತ್ತಿರ ಕೂಡಿಸಿಕೊಂಡು ಚೀಟಿಗಳನ್ನು ಅವರಿಂದಲೇ ಗಟ್ಟಿಯಾಗಿ ಓದಿಸಿರಿ.

ಮುಂದಿನ ತಿಂಗಳು ಮನೆಯ ಹಳೆಯ ಭಾವಚಿತ್ರಗಳ ಸಂರಕ್ಷಣೆಯನ್ನು ಕುರಿತು ಬರೆಯಬೇಕೆಂದಿದ್ದೇವೆ. ಆ ವಿಷಯದಲ್ಲಿ ಸಂದೇಹಗಳಿರುವ ವಾಚಕರು ಈ ತಿಂಗಳೊಳಗಾಗಿ ಬರೆದು ತಿಳಿಸಬೇಕಾಗಿ ಕೋರುತ್ತೇವೆ.